ಬೆಳ್ಳಿತೆರೆಯ ರೋಗಿ, ಪಡಸಾಲೆಯ ರೋಗಿ

ಆರೋಗ್ಯ ವಿಭಾಗದ ಈ ಪುಟಗಳಲ್ಲಿ ಚಲನಚಿತ್ರದ ಮಾತೇಕೆ ಎಂದು ಓದುಗರಿಗೆ ಅನ್ನಿಸುವುದು ಸಹಜ. ಋತುಚರ್ಯೆ, ಮಧುಮೇಹಿಗಳ ಆಹಾರ, ಮಂಡಿನೋವು, ಅಮೃತಬಳ್ಳಿಯ ಕಷಾಯ ಇವೇ ಇಲ್ಲಿಯ ನಿತ್ಯದ ವಿಷಯಗಳು. ಆದರೆ ಇಷ್ಟು ವರ್ಷಗಳ ವೈದ್ಯವೃತ್ತಿಯಲ್ಲಿ ನಾನು ಕಂಡುಕೊಂಡ ಸಂಗತಿಯೊಂದಿದೆ. ದೊಡ್ಡ ಕಾಯಿಲೆಯೊಂದು ಮನೆ ಹೊಕ್ಕಾಗ ಆ ಮನೆಯವರು ಅದನ್ನು ಅರ್ಥ ಮಾಡಿಕೊಳ್ಳುವುದು ವೈದ್ಯಗ್ರಂಥಗಳಿಂದಲ್ಲ, ವೈದ್ಯರ ಮಾತಿನಿಂದಲೂ ಪೂರ್ತಿಯಾಗಿ ಅಲ್ಲ. ತಾವು ಹಿಂದೆ ಕಂಡ, ಕೇಳಿದ ಕಥೆಗಳಿಂದ. ಒಂದು ಕಾಲಕ್ಕೆ ಆ ಕಥೆಗಳು ಪುರಾಣಪ್ರವಚನಗಳಿಂದ, ಜಾತ್ರೆಯ ಕಂಪನಿ ನಾಟಕಗಳಿಂದ ಬರುತ್ತಿದ್ದವು. ಈಗ ಚಲನಚಿತ್ರಗಳಿಂದ, ಸಂಜೆಯ ಧಾರಾವಾಹಿಗಳಿಂದ ಬರುತ್ತಿವೆ. ಹೀಗಿರುವಾಗ ಚಿತ್ರಕಥೆಯು ಕಾಯಿಲೆಯನ್ನು ಯಾವ ಕ್ರಮದಲ್ಲಿ ಜೋಡಿಸಿಕೊಡುತ್ತದೆ ಎಂಬುದು ವೈದ್ಯನಿಗೆ ಸಂಬಂಧಪಡದ ವಿಷಯವೇನೂ ಅಲ್ಲ.

ಆ ಜೋಡಣೆ ನಮಗೆಲ್ಲ ಬಾಯಿಪಾಠವಾಗಿದೆ. ಮೊದಲು ನಗುನಗುತ್ತ ಇರುವ ಕುಟುಂಬ. ಹಬ್ಬವೋ ಮದುವೆಯೋ ನಡೆಯುತ್ತಿರುವಾಗ ಯಾರೋ ಒಬ್ಬರಿಗೆ ತಲೆಸುತ್ತು, ಇಲ್ಲವೇ ಕರವಸ್ತ್ರದಲ್ಲಿ ರಕ್ತ. ನಂತರ ವರದಿಯ ಲಕೋಟೆ, ಕನ್ನಡಕ ತೆಗೆದು ನಿಟ್ಟುಸಿರುಬಿಡುವ ಡಾಕ್ಟರು, ಅಲ್ಲಿಗೆ ಮಧ್ಯಂತರ. ಪ್ರೇಕ್ಷಕರು ಹೊರಗೆ ಹೋಗಿ ಶೇಂಗಾ ತಿಂದು ಬರುವಷ್ಟರಲ್ಲಿ ಕಥೆಯ ಮುಂದೆ ಉಳಿಯುವುದು ಒಂದೇ ಪ್ರಶ್ನೆ: ಬದುಕುತ್ತಾರೋ ಇಲ್ಲವೋ. ಉತ್ತರಾರ್ಧವೆಲ್ಲ ಆ ಪ್ರಶ್ನೆಯ ಕಡೆಗೇ ಓಡುತ್ತದೆ. ಕೊನೆಗೆ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲ ಮೇಲಿನ ಕೆಂಪು ದೀಪ ಆರುತ್ತದೆ. ಪವಾಡವಾಗುತ್ತದೆ, ಇಲ್ಲವೇ ಸಾವು ಬರುತ್ತದೆ. ಎರಡರಲ್ಲಿ ಯಾವುದು ಬಂದರೂ ಕಥೆ ಅಲ್ಲಿಗೆ ಮುಗಿಯುತ್ತದೆ, ಪ್ರೇಕ್ಷಕ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾನೆ.

ನಮ್ಮ ಶಾಸ್ತ್ರವು ಕಾಯಿಲೆಯ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಸುಶ್ರುತಾಚಾರ್ಯರು ರೋಗದ ನಡೆಯನ್ನು ಆರು ಘಟ್ಟಗಳಾಗಿ ವಿಂಗಡಿಸಿದ್ದಾರೆ: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ. ದೋಷವು ತನ್ನ ಸ್ಥಾನದಲ್ಲಿ ಕೂಡಿಕೊಳ್ಳುವುದು, ಕೆರಳುವುದು, ಹರಡುವುದು, ದುರ್ಬಲವಾದ ಜಾಗದಲ್ಲಿ ನೆಲೆಯೂರುವುದು, ಆಮೇಲೆ ರೋಗವೆಂದು ಹೆಸರಿಡುವಂತೆ ಪ್ರಕಟವಾಗುವುದು, ಕಡೆಗೆ ತೊಡಕುಗಳಾಗಿ ಒಡೆಯುವುದು ಇಲ್ಲವೇ ದೀರ್ಘಕಾಲ ಬೇರೂರುವುದು. ಚಲನಚಿತ್ರವು ಐದನೆಯ ಘಟ್ಟದಿಂದ ಆರಂಭವಾಗುತ್ತದೆ. ಮೊದಲ ನಾಲ್ಕು ಅಂಕಗಳನ್ನು ಅದು ತೋರಿಸುವುದೇ ಇಲ್ಲ. ತೋರಿಸುವುದು ಕಷ್ಟವೂ ಹೌದೆನ್ನಿ. ಹತ್ತು ವರ್ಷ ತಂಬಾಕು ಅಗಿಯುವುದನ್ನು ತೆರೆಯ ಮೇಲೆ ಯಾರು ನೋಡುತ್ತಾರೆ? ಆದರೂ ಇದರ ಪರಿಣಾಮವನ್ನು ನಾವು ಚಿಕಿತ್ಸಾಲಯದಲ್ಲಿ ಕಾಣುತ್ತೇವೆ. ಬಂದವರಲ್ಲಿ ಅನೇಕರ ಮಾತು ಒಂದೇ: "ನಿನ್ನೆವರೆಗೂ ಚೆನ್ನಾಗಿಯೇ ಇದ್ದರು." ಸಿಡಿಲಿನಂತೆ ಬಂದೆರಗಿದ್ದು ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಇದಕ್ಕಿಂತ ದೊಡ್ಡ ಕೊರತೆ ಕಥೆಯ ಇನ್ನೊಂದು ತುದಿಯಲ್ಲಿದೆ. ಆಯುರ್ವೇದವು ರೋಗಗಳನ್ನು ಸುಲಭವಾಗಿ ಗುಣವಾಗುವುವು, ಕಷ್ಟಪಟ್ಟರೆ ಗುಣವಾಗುವುವು, ಯಾಪ್ಯ, ಅಸಾಧ್ಯ ಎಂದು ನಾಲ್ಕು ಬಗೆಯಾಗಿ ನೋಡುತ್ತದೆ. ಇವುಗಳಲ್ಲಿ ಯಾಪ್ಯವೆಂಬುದನ್ನು ಸ್ವಲ್ಪ ವಿವರಿಸಬೇಕು. ಪೂರ್ತಿ ಗುಣವಾಗದ, ಆದರೆ ಪಥ್ಯ, ಔಷಧ, ಆರೈಕೆಗಳು ಇರುವವರೆಗೂ ಹಿಡಿತದಲ್ಲಿರುವ, ಅವು ನಿಂತರೆ ಮೇಲೇಳುವ ವ್ಯಾಧಿಯೇ ಯಾಪ್ಯ. ಬೀಳಲಿರುವ ಮನೆಗೆ ಸರಿಯಾದ ಜಾಗದಲ್ಲಿ ಕೊಟ್ಟ ಆನಿಕೆಯ ಕಂಬಕ್ಕೆ ಸುಶ್ರುತರು ಇದರ ಚಿಕಿತ್ಸೆಯನ್ನು ಹೋಲಿಸಿದ್ದಾರೆ. ಮಧುಮೇಹ, ಏರಿದ ರಕ್ತದೊತ್ತಡ, ಹಳೆಯ ಉಬ್ಬಸ, ಪಕ್ಷಾಘಾತದ ನಂತರ ಉಳಿದ ದೌರ್ಬಲ್ಯ, ಸಂಧಿವಾತ, ಕಂಪವಾತ, ಇಂದು ಎಷ್ಟೋ ಬಗೆಯ ಕ್ಯಾನ್ಸರುಗಳು ಕೂಡ ಈ ಗುಂಪಿಗೆ ಸೇರುತ್ತವೆ. ನಮ್ಮ ಊರುಗಳಲ್ಲಿ ಒಂದು ಓಣಿಯನ್ನು ಹಿಡಿದು ಮನೆಮನೆಗೆ ಹೋಗಿ ನೋಡಿದರೆ ಪಡಸಾಲೆಯ ಮಂಚದ ಮೇಲಿರುವ ಕಾಯಿಲೆ ಬಹುಪಾಲು ಯಾಪ್ಯವೇ. ಚಲನಚಿತ್ರದಲ್ಲಿ ಮಾತ್ರ ಯಾಪ್ಯಕ್ಕೆ ಜಾಗವಿಲ್ಲ. ಅಲ್ಲಿರುವುದು ಸಾಧ್ಯ ಮತ್ತು ಅಸಾಧ್ಯ, ಎರಡೇ. ಯಾಪ್ಯಕ್ಕೆ ಮಧ್ಯಂತರವಿಲ್ಲ, ಅಂತಿಮ ದೃಶ್ಯವಿಲ್ಲ, ಕೆಂಪು ದೀಪವಿಲ್ಲ. ಅಲ್ಲಿಯ ಪ್ರಶ್ನೆ ಬದುಕುತ್ತಾರೋ ಇಲ್ಲವೋ ಎಂಬುದಲ್ಲ. ಈ ದಿನ ಹೇಗೆ ಕಳೆಯಿತು, ನಾಳೆ ಯಾರು ನೋಡಿಕೊಳ್ಳುತ್ತಾರೆ ಎಂಬುದು.

ಇದು ರಸಿಕರ ಚರ್ಚೆಗೆ ಬಿಡಬಹುದಾದ ಮಾತಲ್ಲ. ಕಥೆಗೆ ಅಂತಿಮ ದೃಶ್ಯ ಇರಲೇಬೇಕೆಂದು ನಂಬಿದ ಕುಟುಂಬ ಅದನ್ನು ಹುಡುಕಿಕೊಂಡು ಹೊರಡುತ್ತದೆ. ಮೂರು ತಿಂಗಳಿಗೊಬ್ಬ ಡಾಕ್ಟರರನ್ನು ಬದಲಾಯಿಸುತ್ತದೆ. ಚೀಲದ ತುಂಬ ವರದಿಗಳನ್ನು ಹೊತ್ತು, ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳನ್ನೆಲ್ಲ ಮುಗಿಸಿಕೊಂಡು ಕೊನೆಗೆ ನನ್ನಂಥವನ ಬಳಿ ಬಂದು, "ಇನ್ನು ಆಯುರ್ವೇದವೇ ಗತಿ" ಎನ್ನುತ್ತದೆ. ಆ ಮಾತಿನಲ್ಲಿ ನನ್ನ ಶಾಸ್ತ್ರದ ಮೇಲಿನ ಗೌರವಕ್ಕಿಂತ ಉತ್ತರಾರ್ಧದ ಪವಾಡದ ನಿರೀಕ್ಷೆಯೇ ಹೆಚ್ಚು. ಹಿಮಾಲಯದ ಯಾವುದೋ ಮೂಲಿಕೆಯನ್ನು ನಾನು ಪೆಟ್ಟಿಗೆಯಿಂದ ತೆಗೆದುಕೊಡಬೇಕು, ಮಲಗಿದವರು ಎದ್ದು ಕೂರಬೇಕು!

ತಂದೆಗೆ ಪಾರ್ಶ್ವವಾಯು ಬಡಿದು ಹದಿನಾಲ್ಕು ತಿಂಗಳಾಗಿದ್ದ ಮನೆಯೊಂದಕ್ಕೆ ಹೋಗಿದ್ದೆ. ಮಗ ಹೊಲದಲ್ಲಿ ಒಂದು ಎಕರೆ ಮಾರಿ ಊರೂರು ಅಲೆದು ಬಂದಿದ್ದ. "ಡಾಕ್ಟ್ರ, ಇನ್ನ ಎಷ್ಟ ದಿನದಾಗ ಅಪ್ಪಾರು ಎದ್ದ ನಡೀತಾರ್ರೀ?" ಎಂದು ಕೇಳಿದ. ಬೆನ್ನನ್ನು ಪರೀಕ್ಷಿಸಿದೆ, ಇಷ್ಟು ದಿನ ಮಲಗಿದ್ದರೂ ಹಾಸಿಗೆಹುಣ್ಣಿನ ಸುಳಿವೇ ಇರಲಿಲ್ಲ. ರಾತ್ರಿ ಎರಡು ಗಂಟೆಗೊಮ್ಮೆ ಇವರ ಮಗ್ಗುಲು ಬದಲಿಸುವವರು ಯಾರು ಎಂದು ಕೇಳಿದೆ. ಮಗ ಉತ್ತರ ತಿಳಿಯದೆ ಹಿಂದಿರುಗಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ಸೊಸೆ ಮೆಲ್ಲಗೆ, "ನಾನ್ರೀ" ಎಂದಳು. ಮಗನ ಕಥೆಯಲ್ಲಿ ಹೊಲ ಮಾರಿದ್ದು ಇತ್ತು, ಆಸ್ಪತ್ರೆಗಳಿದ್ದವು, ಬರಲಿರುವ ಪವಾಡವೂ ಇತ್ತು. ಹದಿನಾಲ್ಕು ತಿಂಗಳ ರಾತ್ರಿಗಳು ಇರಲಿಲ್ಲ.

ಹಾಗೆಂದು ಚಲನಚಿತ್ರಗಳೆಲ್ಲ ಒಂದೇ ಅಚ್ಚಿನವು ಎಂದು ನಾನು ಹೇಳುವುದಿಲ್ಲ. ಕೆಲವರು ಈ ಜೋಡಣೆಯನ್ನು ಮುರಿದಿದ್ದಾರೆ, ಬೇರೆ ಬೇರೆ ಕಡೆ ಮುರಿದಿದ್ದಾರೆ. ನನ್ನ ಓರಗೆಯವರಿಗೆ ಮೊದಲು ನೆನಪಾಗುವುದು ಹೃಷಿಕೇಶ್ ಮುಖರ್ಜಿಯವರ 1971ರ ಹಿಂದಿ ಚಿತ್ರ 'ಆನಂದ್'. ಅದು ಆರಂಭವಾಗುವುದೇ ಆನಂದನ ಕುರಿತು ಡಾಕ್ಟರ್ ಭಾಸ್ಕರ್ ಬರೆದ ಪುಸ್ತಕಕ್ಕೆ ಪ್ರಶಸ್ತಿ ಕೊಡುವ ಸಮಾರಂಭದಿಂದ. ಕರುಳಿನ ಲಿಂಫೋಸಾರ್ಕೋಮಾದಿಂದ ಅವನು ತೀರಿಕೊಂಡಾಗಿದೆ ಎಂಬುದು ಹೀಗೆ ಮೊದಲೇ ತಿಳಿದುಹೋಗುತ್ತದೆ. ಬದುಕುತ್ತಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ನಿರ್ದೇಶಕರು ಮೊದಲ ದೃಶ್ಯದಲ್ಲೇ ತೆಗೆದುಹಾಕಿದ ಮೇಲೆ ನಮ್ಮ ಗಮನವೆಲ್ಲ ಅವನು ಹೇಗೆ ಬದುಕಿದ ಎಂಬುದರ ಕಡೆಗೆ ತಿರುಗುತ್ತದೆ. ಅದು ಬಹಳ ದೊಡ್ಡ ಕೆಲಸ. ಇನ್ನೊಂದು ವಿಶೇಷವೆಂದರೆ ಅಲ್ಲಿ ರೋಗಿಗೇ ಎಲ್ಲವೂ ಗೊತ್ತು. ನಮ್ಮ ಹೆಚ್ಚಿನ ಚಿತ್ರಗಳಲ್ಲಿ ರೋಗಿಯೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ, ಆ ಮುಚ್ಚುಮರೆಯೇ ಕಥೆಯ ಎಣ್ಣೆ.

ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತದೆ. ಹೊರಗೆ ಕರೆದು, "ಅವ್ವಗ ಹೇಳಬ್ಯಾಡ್ರೀ" ಎನ್ನುವ ಮಕ್ಕಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಚರಕ ಸಂಹಿತೆಯಲ್ಲಿಯೂ ರೋಗಿಗೋ ಬಂಧುಗಳಿಗೋ ಆಘಾತವಾಗುವಂತಿದ್ದರೆ ಆಯುಷ್ಯ ಕ್ಷೀಣಿಸಿದ್ದನ್ನು ವೈದ್ಯನು ಅಲ್ಲಿ ನುಡಿಯಬಾರದೆಂಬ ಕಟ್ಟಳೆ ಇದೆಯಲ್ಲ ಎಂದು ಬಲ್ಲವರು ವಾದಿಸುತ್ತಾರೆ. ಇದೆ, ನಿಜ. ಅದು ನಾಲಿಗೆಯ ಕ್ರೌರ್ಯವನ್ನು ತಡೆಯುವ ಕಟ್ಟಳೆ ಎಂಬುದು ನನ್ನ ಅಭಿಪ್ರಾಯ; ವರ್ಷಗಟ್ಟಲೆ ಸುಳ್ಳು ಹೇಳಲು ಕೊಟ್ಟ ಅಪ್ಪಣೆಯಲ್ಲ. ಜಮೀನಿನ ಕಾಗದ, ಮಗಳ ಮದುವೆ, ಮುನಿಸಿಕೊಂಡ ತಮ್ಮನೊಡನೆ ಒಂದು ಮಾತು, ಇವೆಲ್ಲ ಮುಗಿಸಬೇಕಾದವರು ರೋಗಿಯೇ ಅಲ್ಲವೇ? 'ಆನಂದ್' ಚಿತ್ರದ ಬಗ್ಗೆ ವೈದ್ಯನಾಗಿ ನನ್ನದೊಂದು ತಕರಾರೂ ಉಂಟು. ಅಂಥ ಕಾಯಿಲೆಯವನು ಕೊನೆಯ ದಿನಗಳವರೆಗೆ ಅಷ್ಟೊಂದು ಲವಲವಿಕೆಯಿಂದ ಓಡಾಡುವುದು ಅಪರೂಪ. ಅವನ ವಾಂತಿಯನ್ನು ಒರೆಸಿದವರು ಯಾರು ಎಂಬುದನ್ನು ಚಿತ್ರ ಹೇಳುವುದಿಲ್ಲ.

ಇದನ್ನು ಹೇಳಲು ಹೊರಟ ಒಂದು ಅಮೆರಿಕದ ಚಿತ್ರವಿದೆ, 1983ರ 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್'. ತಾಯಿ ಅರೋರಾ, ಮಗಳು ಎಮ್ಮಾ ಇವರಿಬ್ಬರ ಜಗಳ, ಮುನಿಸು, ಮಮತೆಗಳಲ್ಲಿಯೇ ಚಿತ್ರದ ಬಹುಭಾಗ ಕಳೆಯುತ್ತದೆ. ಕಾಯಿಲೆಯ ಸುದ್ದಿಯೇ ಇರುವುದಿಲ್ಲ. ತುಂಬ ತಡವಾಗಿ, ಎಮ್ಮಾ ತನ್ನ ಪುಟ್ಟ ಮಗಳಿಗೆ ಚುಚ್ಚುಮದ್ದು ಹಾಕಿಸಲೆಂದು ಹೋದಾಗ, ವೈದ್ಯರ ಕೈಗೆ ಎಮ್ಮಾಳ ಕಂಕುಳಿನಲ್ಲಿ ಗಂಟು ಸಿಕ್ಕುತ್ತದೆ. ಇಷ್ಟು ತಡವಾಗಿ ಕ್ಯಾನ್ಸರನ್ನು ತಂದದ್ದು ಅಳಿಸುವ ಉಪಾಯವೆಂದು ಕೆಲವರು ಆಕ್ಷೇಪಿಸಬಹುದು. ನನಗೆ ಅದು ರೋಗಗಳು ನಿಜವಾಗಿ ಬರುವ ರೀತಿಯೆಂದೇ ತೋರಿತು, ಬೇರೇನೋ ಕೆಲಸಕ್ಕೆಂದು ಹೋದಾಗ ಸಿಕ್ಕಿಬೀಳುವುದು. ಆ ಚಿತ್ರದಲ್ಲಿ ಎಲ್ಲರ ನೆನಪಿನಲ್ಲಿ ಉಳಿದಿರುವ ದೃಶ್ಯ ಸಾವಿನದಲ್ಲ. ಮಗಳಿಗೆ ನೋವಿನ ಚುಚ್ಚುಮದ್ದು ಕೊಡುವ ಹೊತ್ತು ಮೀರಿದಾಗ ಠೀವಿಯ ಆ ತಾಯಿ ದಾದಿಯರ ಮೇಜಿನ ಸುತ್ತ ಓಡಾಡುತ್ತ, ನನ್ನ ಮಗಳಿಗೆ ಚುಚ್ಚುಮದ್ದು ಕೊಡಿ ಎಂದು ಕೂಗಾಡುವ ದೃಶ್ಯ. ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳು ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ಚಿತ್ರಕಥೆಗಳು ವೈದ್ಯನಿಗೂ ರೋಗಿಗೂ ಎಲ್ಲ ಮಾತುಗಳನ್ನು ಹಂಚಿಬಿಟ್ಟು ಮೂರನೆಯ ಪಾದವನ್ನು ಮಂಚದ ಪಕ್ಕದಲ್ಲಿ ಹಣ್ಣು ಹೆಚ್ಚುತ್ತ ಕೂರಿಸುತ್ತವೆ. ಅರೋರಾ ಮಾತ್ರ ಎದ್ದು ನಿಂತಳು.

ನಮ್ಮ ಕನ್ನಡಕ್ಕೆ ಬರೋಣ. 'ಆನಂದ್' ಬಂದ ವರ್ಷವೇ, 1971ರಲ್ಲಿ, ಪುಟ್ಟಣ್ಣ ಕಣಗಾಲರ 'ಶರಪಂಜರ' ಬಂದಿತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಕಲ್ಪನಾ ಅವರು ಕಾವೇರಿಯಾಗಿ ನಟಿಸಿದ್ದನ್ನು ನಮ್ಮ ಪೀಳಿಗೆಯ ತಾಯಂದಿರು ಇಂದಿಗೂ ಮರೆತಿಲ್ಲ. ಹೆರಿಗೆಯ ನಂತರ ಕಾವೇರಿಗೆ ಮನೋವ್ಯಾಧಿ ತಗುಲುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತದೆ. ಬೇರೆ ಚಿತ್ರವಾಗಿದ್ದರೆ ಅಲ್ಲಿಗೆ ಮಂಗಳ ಹಾಡುತ್ತಿದ್ದರು. ಪುಟ್ಟಣ್ಣನವರ ಕಥೆ ಅಲ್ಲಿಂದಲೇ ಬಿಗಿಯಾಗುತ್ತದೆ. ಗುಣವಾಗಿ ಮನೆಗೆ ಬಂದವಳ ನಗುವಿನಲ್ಲಿ, ಸಿಟ್ಟಿನಲ್ಲಿ, ಮೌನದಲ್ಲಿ ಎಲ್ಲರಿಗೂ ಹುಚ್ಚೇ ಕಾಣಿಸುತ್ತದೆ. ಗಂಡನ ಮನಸ್ಸು ಬೇರೆಡೆಗೆ ಹೋಗಿರುತ್ತದೆ. ಕಡೆಗೆ ಆಕೆ ಮತ್ತೆ ಕುಸಿಯುತ್ತಾಳೆ.

ಇಷ್ಟು ಸರಿಯಾದ ವೈದ್ಯಕೀಯ ಬುದ್ಧಿಯುಳ್ಳ ಕಥಾರಚನೆಯನ್ನು ನಾನು ಕಂಡದ್ದು ಕಡಮೆ. ರೋಗದ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆ, ನಿದಾನ ಪರಿವರ್ಜನ, ಎಂಬುದು ಆಯುರ್ವೇದದ ಮೂಲಪಾಠ. ಆಸ್ಪತ್ರೆ ಕಾವೇರಿಗೆ ಚಿಕಿತ್ಸೆ ಕೊಟ್ಟಿತು. ಮನೆ ಇದ್ದಂತೆಯೇ ಇತ್ತು. ಗುಣವಾಗುವುದನ್ನು ಕಥೆಯ ಕೊನೆಯಿಂದ ಎತ್ತಿ ನಡುವೆ ಇಟ್ಟಿದ್ದರಿಂದಲೇ ಇದು ನಮಗೆ ಕಾಣಿಸಿತು. ಮನೋರೋಗದಿಂದ ಚೇತರಿಸಿಕೊಂಡ ಹೆಣ್ಣುಮಕ್ಕಳನ್ನು ಮದುವೆ ಮುಂಜಿಗಳಿಗೆ ಕರೆಯದೆ ಮನೆಯಲ್ಲಿ ಬಿಟ್ಟು ಹೋಗುವವರು ಈಗಲೂ ಇದ್ದಾರೆ. ಹೆರಿಗೆಯಾದ ಮೇಲೆ ಬಾಣಂತಿ ವಿನಾಕಾರಣ ಅಳುವುದು, ನಿದ್ದೆಗೆಡುವುದು, ಕೂಸಿನ ಮೇಲೆ ಮಮತೆ ಹುಟ್ಟದಿರುವುದು, ಇಲ್ಲದ್ದನ್ನು ಕಂಡಂತೆ ಮಾತಾಡುವುದು ಇದ್ದರೆ ಗಾಳಿ ಸೋಕಿದೆ ಎನ್ನದೆ ತಡಮಾಡದೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಆದರೆ ಯಾಪ್ಯ ವ್ಯಾಧಿಗೆ ಕಥೆ ಹೊಂದಿಸುವ ಸಮಸ್ಯೆಯನ್ನು ನೇರವಾಗಿ ಎದುರಿಸಿದ್ದು 2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಹೇಮಂತ್ ಎಂ. ರಾವ್ ಅವರ ಮೊದಲ ಚಿತ್ರ ಅದು. ಅನಂತ್ ನಾಗ್ ಅವರು ಅಲ್ಝೈಮರ್ ಕಾಯಿಲೆಯ ವೆಂಕೋಬ ರಾವ್, ರಕ್ಷಿತ್ ಶೆಟ್ಟಿ ಅವರ ಮಗ ಶಿವ. ಪತ್ನಿಯನ್ನು ಕಳೆದುಕೊಂಡ ವೆಂಕೋಬ ರಾಯರು ಬೆಂಗಳೂರಿನ ಒಂದು ಆರೈಕೆಯ ಮನೆಯಲ್ಲಿದ್ದಾರೆ, ಮಗ ಮುಂಬಯಿಯಲ್ಲಿ ನೌಕರಿ ಮಾಡುತ್ತಾನೆ. ಊರಿಗೆ ಬಂದವನು ತಂದೆಯನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ. ಮಗನ ಅಲಕ್ಷ್ಯದ ಒಂದು ಗಳಿಗೆಯಲ್ಲಿ ಅವರು ಕಣ್ಮರೆಯಾಗುತ್ತಾರೆ. ಕಾಣೆಯಾದವರ ಪ್ರಕಟಣೆಗಳಲ್ಲಿ ಬರುವ ಆ ಸವಕಲು ಮಾತುಗಳೇ ಚಿತ್ರದ ಹೆಸರು.

ಈ ಕಾಯಿಲೆಯಲ್ಲಿ ಕಥೆಗಾರನಿಗೆ ಇರುವ ತೊಡಕನ್ನು ಗಮನಿಸಿ. ಇದು ವರ್ಷಗಳ ಕಾಲ ಮೆಲ್ಲಮೆಲ್ಲಗೆ ಇಳಿಯುವ ಇಳಿಜಾರು. ತಿರುವಿಲ್ಲ. ಇಂದಿಗೂ ಯಾವ ಪದ್ಧತಿಯಲ್ಲಿಯೂ ಇದನ್ನು ನಿರ್ಮೂಲ ಮಾಡುವ ಔಷಧವಿಲ್ಲ. ಒಂದೆಲಗ, ಶಂಖಪುಷ್ಪಿ, ಯಷ್ಟಿಮಧು, ಅಮೃತಬಳ್ಳಿಗಳನ್ನು ಮೇಧ್ಯ ರಸಾಯನಗಳೆಂದು ನಮ್ಮ ಗ್ರಂಥಗಳು ಕೊಂಡಾಡುತ್ತವೆ, ನಾನೂ ಸಂದರ್ಭ ನೋಡಿ ಕೊಡುತ್ತೇನೆ; ಆದರೆ ಅವುಗಳಿಂದ ಕಳೆದುಹೋದ ನೆನಪು ಮರಳುತ್ತದೆ ಎಂದು ಯಾವ ವೈದ್ಯ ಹೇಳಿದರೂ, ಅವನು ನನ್ನದೇ ಪದವಿಯವನಾಗಿದ್ದರೂ, ನಂಬಬೇಡಿ. ಇಲ್ಲಿ ಗುಣವಾಗುವ ಅಂತ್ಯವನ್ನು ಕಟ್ಟಿದರೆ ಅದು ಸುಳ್ಳಾಗುತ್ತದೆ. ರೋಗಿಯ ಮನಃಪರಿವರ್ತನೆಯನ್ನು ಕಟ್ಟಲೂ ಆಗದು, ಏಕೆಂದರೆ ಕಲಿತದ್ದನ್ನು ಉಳಿಸಿಕೊಳ್ಳುವ ಶಕ್ತಿಯೇ ಅವರಲ್ಲಿ ಕುಗ್ಗಿದೆ. ಹಾಗಾದರೆ ಕಥೆಯಲ್ಲಿ ಬದಲಾಗುವವರು ಯಾರು?

ನೋಡಿಕೊಳ್ಳಬೇಕಾದವನು. ಈ ಉತ್ತರ ಹೊಳೆದದ್ದರಲ್ಲಿಯೇ ಆ ಚಿತ್ರದ ಸಾರ್ಥಕತೆಯಿದೆ. ತಂದೆಯನ್ನು ಹುಡುಕುತ್ತ ಶಿವ ಬೀದಿಬೀದಿ ಅಲೆಯುತ್ತಾನೆ. ಜೊತೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸಹನಾ ಇದ್ದಾಳೆ. ತಂದೆಯು ತನ್ನ ಯೌವನದ ಬಗ್ಗೆ, ಪ್ರೀತಿಸಿ ಕೈಹಿಡಿದ ಹೆಂಡತಿಯ ಬಗ್ಗೆ ಹೇಳಿದ ಕಥೆಗಳೆಲ್ಲ ಮಗನಿಗಿಂತ ಹೆಚ್ಚಾಗಿ ಅವಳಿಗೆ ಗೊತ್ತು. ಕಾಣೆಯಾದ ಮೇಲೆ ಮಗನಿಗೆ ತಂದೆಯ ಪರಿಚಯವಾಗುತ್ತ ಹೋಗುತ್ತದೆ. ಇದು ವೈದ್ಯಕೀಯವಾಗಿಯೂ ಸರಿಯಾದ ಜೋಡಣೆ. ಈ ಕಾಯಿಲೆಯಲ್ಲಿ ಇಂದು ಬೆಳಗಿನ ಉಪ್ಪಿಟ್ಟು ಮರೆತುಹೋಗುತ್ತದೆ, ನಲವತ್ತು ವರ್ಷ ಹಿಂದಿನ ಸೀರೆಯ ಬಣ್ಣ ನೆನಪಿರುತ್ತದೆ. ಹಳೆಯ ನೆನಪುಗಳು ಅಳಿಯುವುದು ತಡವಾಗಿ. ಮನೆ ಬಿಟ್ಟು ಹೊರಟುಹೋಗುವುದೂ ಇದರ ಸಾಮಾನ್ಯ ಲಕ್ಷಣವೇ. ಅಂದರೆ ಕಥೆಯನ್ನು ನಡೆಸುವ ಘಟನೆಯನ್ನು ನಿರ್ದೇಶಕರು ಕಾಯಿಲೆಯ ಒಳಗಿನಿಂದಲೇ ಹೆಕ್ಕಿದ್ದಾರೆ. ಬದುಕುತ್ತಾರೋ ಇಲ್ಲವೋ ಎಂಬ ಪ್ರಶ್ನೆಯ ಜಾಗದಲ್ಲಿ, ಅವರು ಎಲ್ಲಿದ್ದಾರೆ, ಅವರು ಯಾರು ಎಂಬ ಪ್ರಶ್ನೆಗಳು ಬಂದವು. ಕೊನೆಗೆ ತಂದೆ ಸಿಕ್ಕುತ್ತಾರೆ. ಕಾಯಿಲೆ ಹಾಗೆಯೇ ಇದೆ. ಕಥೆಗೆ ಒಂದು ಅಂತ್ಯ ಸಿಕ್ಕಿತು, ಸುಳ್ಳು ಹೇಳಬೇಕಾಗಲಿಲ್ಲ.

ಇದೇ ಕಥೆಯನ್ನು ನಂತರ ತಮಿಳಿನಲ್ಲಿ ಪ್ರಕಾಶ್ ರಾಜ್ ಅವರನ್ನು ಇಟ್ಟುಕೊಂಡು 2018ರಲ್ಲಿ ತೆಗೆದರು ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೂ ನನಗೆ ಎರಡು ಅತೃಪ್ತಿಗಳಿವೆ. ವೆಂಕೋಬ ರಾಯರು ಕೊಲೆಗಡುಕರ ಕೈಗೆ ಸಿಕ್ಕಿ, ಅವರೊಡನೆ ಮತ್ತೊಂದು ಕುಟುಂಬದ ಮನೆಯೊಳಗೆ ಸಿಲುಕುವ ಭಾಗ ಚಿತ್ರದಲ್ಲಿ ದೊಡ್ಡ ಪಾಲನ್ನು ತಿಂದಿದೆ. ನೆನಪಿಲ್ಲದ ಮುದುಕನ ಮುಗ್ಧತೆಯೆದುರು ಕೊಲೆಗಾರನ ಮನಸ್ಸೂ ಅಲುಗಾಡುವುದು ಚೆನ್ನಾಗಿಯೇ ಇದೆ, ಒಪ್ಪುತ್ತೇನೆ. ಆದರೆ ಬರೀ ಕಾಯಿಲೆಯನ್ನು, ಬರೀ ಆರೈಕೆಯನ್ನು ತೋರಿಸಿದರೆ ಪ್ರೇಕ್ಷಕರು ಎದ್ದು ಹೋದಾರು ಎಂಬ ಅಂಜಿಕೆ ಆ ಪಿಸ್ತೂಲಿನ ಹಿಂದೆ ಇದ್ದಂತಿದೆ. ಎರಡನೆಯದು, ಇಲ್ಲಿಯ ದಿನನಿತ್ಯದ ಆರೈಕೆಯೆಲ್ಲ ಹಣ ಕೊಟ್ಟು ಪಡೆದ ಆರೈಕೆ. ಬೆಂಗಳೂರಿನಲ್ಲಿ ಅಂಥ ಮನೆಗಳಿವೆ. ನಮ್ಮ ತಾಲ್ಲೂಕುಗಳಲ್ಲಿ ಆ ಕೆಲಸ ಸೊಸೆಯದು, ಮದುವೆಯಾಗದ ಮಗಳದು, ಎಪ್ಪತ್ತು ದಾಟಿದ ಹೆಂಡತಿಯದು. ಅತ್ತೆ ಒಂದೇ ಪ್ರಶ್ನೆಯನ್ನು ಹೊತ್ತಿಗೆ ಹದಿನೈದು ಸಲ ಕೇಳುವಾಗ ಹದಿನಾರನೆಯ ಸಲವೂ ಉತ್ತರ ಕೊಡುವುದು, ನನ್ನ ಬಳೆ ಕದ್ದಿದ್ದೀಯ ಎಂದಾಗ ನುಂಗಿಕೊಳ್ಳುವುದು, ನಡುರಾತ್ರಿ ಮಲಮೂತ್ರ ಬಳಿದು ಬೆಳಗಾಗುವಷ್ಟರಲ್ಲಿ ರೊಟ್ಟಿ ಬಡಿಯುವುದು. ಈ ಹೆಣ್ಣುಮಗಳು ನಾಯಕಿಯಾಗಿರುವ ಚಿತ್ರವನ್ನು ನಾನಂತೂ ನೋಡಿಲ್ಲ. ಆಕೆಯ ತಾಳ್ಮೆ ಕೆಡುವ ದಿನವೂ ಉಂಟು, ಅದನ್ನೂ ತೋರಿಸಬೇಕು. ಚರಕರು ಹೇಳಿದ ಅನುರಾಗವೆಂಬ ಗುಣ ನಿದ್ದೆಯಿಲ್ಲದ ದೇಹದಲ್ಲಿ ಬಹಳ ದಿನ ನಿಲ್ಲುವುದಿಲ್ಲ. ವಾರದಲ್ಲಿ ಎರಡು ರಾತ್ರಿಯಾದರೂ ಮಗನೋ ಮೊಮ್ಮಗನೋ ಆ ಮಂಚದ ಬಳಿ ಮಲಗಿ ಆಕೆಯನ್ನು ಒಳಗೆ ನಿದ್ದೆ ಮಾಡಲು ಕಳುಹಿಸಬೇಕೆಂದು ನಾನು ಔಷಧದ ಚೀಟಿಯಲ್ಲಿಯೇ ಬರೆದುಕೊಡುತ್ತೇನೆ. ಪಾಲಿಸುವ ಮನೆಗಳು ಕಡಮೆ. ಆದರೂ ಬರೆಯುವುದನ್ನು ಬಿಟ್ಟಿಲ್ಲ.

ಕಾಣೆಯಾಗುವ ಮಾತು ಬಂದದ್ದರಿಂದ ಭಕ್ತಬಾಂಧವರಿಗೆ ಒಂದೆರಡು ಸೂಚನೆಗಳು. ಜಾತ್ರೆಯಲ್ಲಿ ತೇರು ಎಳೆಯುವ ಸಂಜೆ ಧ್ವನಿವರ್ಧಕದಲ್ಲಿ "ಬಿಳಿ ಧೋತರ, ಗೋಧಿ ಬಣ್ಣ, ಸಾಧಾರಣ ಮೈಕಟ್ಟಿನ ಹಿರಿಯರು ತಪ್ಪಿಸಿಕೊಂಡಿದ್ದಾರೆ" ಎಂಬ ಕೂಗು ಕೇಳಿಸುವುದುಂಟು. ಮರೆವಿನ ಕಾಯಿಲೆಯ ಹಿರಿಯರನ್ನು ಜನಸಂದಣಿಗೆ ಕರೆತರುವಾಗ ಹೆಸರು, ಊರು, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿಯನ್ನು ಅಂಗಿಯ ಒಳಜೇಬಿಗೆ ಹೊಲಿದುಬಿಡಿ. ಮೇಲಿನ ಜೇಬಿನಲ್ಲಿಟ್ಟರೆ ಅವರೇ ತೆಗೆದು ಬಿಸಾಡುತ್ತಾರೆ. ಆ ದಿನದ ಉಡುಪಿನಲ್ಲಿ ಅವರ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ತಾವೇ ಹುಡುಕಿಕೊಳ್ಳುತ್ತೇವೆಂದು ಹೊತ್ತು ಕಳೆಯದೆ ಕೂಡಲೇ ಪೊಲೀಸರಿಗೆ ತಿಳಿಸಿ. ತುರ್ತು ಸಂಖ್ಯೆ 112. ಹಿರಿಯರ ಸಹಾಯವಾಣಿ 14567 ಎಂಬುದನ್ನೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಅವರು ಹಿಂದೆ ಎಲ್ಲಿ ವಾಸವಿದ್ದರು, ಎಲ್ಲಿ ಕೆಲಸ ಮಾಡುತ್ತಿದ್ದರು, ಹುಟ್ಟಿದೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯೋಚಿಸಿ ಅಲ್ಲಿ ಮೊದಲು ಹುಡುಕಿ, ಏಕೆಂದರೆ ಅವರ ಕಾಲು ಹಳೆಯ ನೆನಪಿನ ದಾರಿಯನ್ನೇ ಹಿಡಿಯುವುದು ಹೆಚ್ಚು.

ಅಂಥ ಹಿರಿಯರು ನಿಮ್ಮ ಕಣ್ಣಿಗೆ ಬಿದ್ದರೆ ಯಾವೂರು, ಯಾರ ಮನೆ, ಹೆಸರೇನು ಎಂದು ಸುತ್ತ ನೆರೆದು ಪ್ರಶ್ನೆಗಳನ್ನು ಸುರಿಯಬೇಡಿ. ಗಾಬರಿಯಾದರೆ ಗೊತ್ತಿರುವುದೂ ಬಾಯಿಗೆ ಬಾರದು. ಒಬ್ಬರೇ ಹತ್ತಿರ ಹೋಗಿ, ಅಪ್ಪಾ ಎಂದೋ ಅವ್ವಾ ಎಂದೋ ಕರೆದು, ನೆರಳಲ್ಲಿ ಕೂರಿಸಿ ನೀರು ಕೊಡಿ. ಮನೆಗೆ ಹೋಗಬೇಕು ಎನ್ನುತ್ತಾರೆ. ಇಲ್ಲ ಎನ್ನದೆ, ಹೋಗೋಣ ಬನ್ನಿ ಎಂದು ಕೈಹಿಡಿದು ಧ್ವನಿವರ್ಧಕ ಇರುವ ಕಡೆಗೆ ಅವರ ನಡಿಗೆಯ ವೇಗದಲ್ಲಿಯೇ ನಡೆಯಿರಿ.